ನೂರೈವತ್ತು ಕಿಲೋಮೀಟರಿನ ಗೆರೆ

ಕನಕಪುರ ರಸ್ತೆಯ ಆಸುಪಾಸಿನಲ್ಲಿ ಜಮೀನು ಇರುವವರು, ಕೊಳ್ಳಬೇಕೆನ್ನುವವರು, ಕೊಡಿಸುವವರು ಎಲ್ಲರಿಗೂ ಒಂದು ವಾಕ್ಯ ಬಾಯಿಪಾಠವಾಗಿದೆ: ‘2033ರ ತನಕ ದೇವನಹಳ್ಳಿಯಿಂದ ನೂರೈವತ್ತು ಕಿಲೋಮೀಟರ್ ಒಳಗೆ ಇನ್ನೊಂದು ಏರ್‌ಪೋರ್ಟ್ ಬರೋ ಹಾಗಿಲ್ಲ.’ ಬನಶಂಕರಿಯ ಸೈಟು ದಲ್ಲಾಳಿಯೂ ಇದನ್ನೇ ಹೇಳುತ್ತಾನೆ, ಜೆ.ಪಿ. ನಗರದ ಪಾರ್ಕಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಕೂತ ನಿವೃತ್ತ ಎಂಜಿನಿಯರೂ ಇದನ್ನೇ ಹೇಳುತ್ತಾರೆ, ಪತ್ರಿಕೆಗಳೂ ಇದನ್ನೇ ಬರೆಯುತ್ತವೆ. ಇಷ್ಟೊಂದು ಜನ ಇಷ್ಟು ಒಮ್ಮತದಿಂದ ಹೇಳುವ ಮಾತು ಕಿವಿಗೆ ಬಿದ್ದಾಗ ಅದು ಸುಳ್ಳಿರಬಹುದು ಎಂದು ನನಗೆ ಅನಿಸುವುದಿಲ್ಲ. ಮೂಲವನ್ನು ಇವರಲ್ಲಿ ಎಷ್ಟು ಜನ ಓದಿದ್ದಾರೆ ಎಂಬ ಕುತೂಹಲ ಮಾತ್ರ ಹುಟ್ಟುತ್ತದೆ.

ಆ ಕುತೂಹಲಕ್ಕೆ ಈಗ ಒಂದು ಸಂದರ್ಭವೂ ಒದಗಿದೆ. ಬೆಂಗಳೂರಿಗೆ ಎರಡನೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬೇಕೆಂದು ರಾಜ್ಯ ಸರ್ಕಾರ ಮೂರು ಜಾಗಗಳನ್ನು ಗುರುತಿಸಿತು. ಎರಡು ಕನಕಪುರ ರಸ್ತೆಯಲ್ಲಿ, ಚೂಡಹಳ್ಳಿ ಮತ್ತು ಸೋಮನಹಳ್ಳಿಯ ಸುತ್ತ. ಮೂರನೆಯದು ನೆಲಮಂಗಲದಾಚೆ ಕುಣಿಗಲ್ ರಸ್ತೆಯಲ್ಲಿ. ಒಂದೊಂದಕ್ಕೂ ಹೆಚ್ಚೂಕಡಿಮೆ 5,000 ಎಕರೆ. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರನ್ನೂ ನೋಡಿಕೊಂಡು ಹೋಯಿತು. ಜಯನಗರದಿಂದ ಬೆಳಗಿನ ಆರರ ವಿಮಾನ ಹಿಡಿಯಲು ರಾತ್ರಿ ಎರಡೂವರೆಗೆ ಎದ್ದು ಇಡೀ ಊರನ್ನು ಸೀಳಿಕೊಂಡು ಉತ್ತರಕ್ಕೆ ಹೋಗುವವರಿಗೆ ಇದು ಸಣ್ಣ ಸುದ್ದಿಯಲ್ಲ. ಆದರೆ ಪ್ರತಿ ವರದಿಯ ಕೊನೆಯ ಪ್ಯಾರಾದಲ್ಲಿ ಅದೇ ವಾಕ್ಯ ಅಡ್ಡ ಬಂದು ನಿಲ್ಲುತ್ತದೆ.

ಹಾಗಾಗಿ ವಾಕ್ಯವನ್ನು ಮೂರು ತುಂಡು ಮಾಡಿ ನೋಡಿದೆ. 2033 ಎಂಬ ವರ್ಷ ಎಲ್ಲಿಂದ ಬಂತು? 150 ಕಿ.ಮೀ. ಎಂದರೆ ಎಲ್ಲಿಂದ ಎಲ್ಲಿಗೆ? ಇಂಥ ನಿಷೇಧ ಯಾರ ಮೇಲಿನ ಅನುಮಾನದಿಂದ ಹುಟ್ಟಿತು? ಮೊದಲೆರಡಕ್ಕೆ ಅಂಕಿಗಳಲ್ಲಿ ಉತ್ತರ ಸಿಕ್ಕೀತು, ಮೂರನೆಯದು ಊಹೆಗೆ ಸೇರಿದ್ದು ಎಂದುಕೊಂಡು ಶುರುಮಾಡಿದೆ. ಅಂಕಿಗಳೇ ಹೆಚ್ಚು ಸತಾಯಿಸಿದವು.

ಮೂಲ ಪತ್ರ ಗುಟ್ಟಿನದಲ್ಲ. 2004ರ ಜುಲೈ 5ರಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯಕ್ಕೂ ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್‌ಗೂ, ಅಂದರೆ ಬಿಐಎಎಲ್‌ಗೂ, ಆದ ಕನ್ಸೆಷನ್ ಒಪ್ಪಂದ ಅದು. ಅದರ 5.2ನೆಯ ಕಲಮು ಈ ನಿಷೇಧದ ತವರು. ಸಾರ ಇಷ್ಟು: ಈ ನಿಲ್ದಾಣದಿಂದ ವೈಮಾನಿಕ ದೂರದಲ್ಲಿ 150 ಕಿ.ಮೀ. ಒಳಗೆ ಹೊಸ ನಿಲ್ದಾಣ ಕಟ್ಟುವುದಕ್ಕಾಗಲಿ, ಇರುವುದನ್ನು ಮೇಲ್ದರ್ಜೆಗೆ ಏರಿಸುವುದಕ್ಕಾಗಲಿ ಭಾರತ ಸರ್ಕಾರ ಅನುಮತಿ ಕೊಡುವಂತಿಲ್ಲ, ನಿಲ್ದಾಣ ತೆರೆದ ದಿನದಿಂದ ಇಪ್ಪತ್ತೈದು ವರ್ಷ ತುಂಬುವವರೆಗೆ. ಮೈಸೂರು, ಹಾಸನಗಳಿಗೆ ವಿನಾಯಿತಿ.

ಮೊದಲ ಓದಿನಲ್ಲೇ ಕಣ್ಣಿಗೆ ಬೀಳುವ ಸಂಗತಿ, ಇಲ್ಲಿ 2033 ಎಂಬ ಅಂಕಿಯೇ ಇಲ್ಲ. ಇರಲು ಸಾಧ್ಯವೂ ಇಲ್ಲ. 2004ರಲ್ಲಿ ಸಹಿ ಹಾಕಿದವರಿಗೆ ನಿಲ್ದಾಣ ಯಾವಾಗ ತೆರೆಯುತ್ತದೆಂದು ಗೊತ್ತಿರಲಿಲ್ಲ. ಹಾಗಾಗಿ ಗಡಿಯಾರ ಶುರುವಾಗುವ ಕ್ಷಣವನ್ನು ಒಂದು ಘಟನೆಗೆ ಕಟ್ಟಿಹಾಕಿದರು: ‘ನಿಲ್ದಾಣ ತೆರೆದ ದಿನ’. ಬಿಐಎಎಲ್‌ಗೆ ನಿಲ್ದಾಣ ನಡೆಸುವ ಮೂವತ್ತು ವರ್ಷದ ಹಕ್ಕೂ ಅದೇ ದಿನದಿಂದ ಎಣಿಕೆ. ಎಂದಮೇಲೆ ಆ ದಿನ ಯಾವುದು?

ಗೊತ್ತಿದೆಯಲ್ಲ, 2008ರ ಮೇ 23, ಎನ್ನುತ್ತಾರೆ ಕೆಲವರು. ಮೇ 24 ಎನ್ನುತ್ತವೆ ಕಂಪನಿಯ ದಾಖಲೆಗಳು. ಆ ಕಾಲದ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತರೆ ಇನ್ನಷ್ಟು ದಿನಾಂಕಗಳು ಉದುರುತ್ತವೆ. ಮೊದಲು ಮಾರ್ಚ್ ಕೊನೆಯ ವಾರ. ಅದರಲ್ಲೂ 28 ಎಂದು ಒಂದು ಕಡೆ, 30 ಎಂದು ಇನ್ನೊಂದು ಕಡೆ. ನನ್ನ ಒಲವು 30ರ ಕಡೆಗೆ, ಕಾರಣ ಪತ್ರಿಕೆಯಲ್ಲಿಲ್ಲ, ಪಂಚಾಂಗದಲ್ಲಿದೆ. ಜಗತ್ತಿನ ವಿಮಾನ ಕಂಪನಿಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಶುರುವಾಗುತ್ತದೆ. 2008ರಲ್ಲಿ ಆ ಭಾನುವಾರ ಬಿದ್ದದ್ದು 30ಕ್ಕೆ. ಎಲ್ಲರ ಟೈಮ್‌ಟೇಬಲ್ ಹೇಗೂ ಬದಲಾಗುವ ದಿನವೇ ಊರಿನ ನಿಲ್ದಾಣವನ್ನೂ ಬದಲಾಯಿಸಿದರೆ ತಲೆನೋವು ಒಂದೇ ಸಲಕ್ಕೆ ಮುಗಿಯುತ್ತದೆ. ಇದು ಸಾಕ್ಷ್ಯವಲ್ಲ, ಸಂಭಾವ್ಯತೆ.

ಆ ದಿನಾಂಕ ಕೈತಪ್ಪಿತು. ಏರ್ ಟ್ರಾಫಿಕ್ ಕಂಟ್ರೋಲ್ ಸಿದ್ಧವಾಗಿರಲಿಲ್ಲ. ಕಟ್ಟಡ, ರನ್‌ವೇ ಖಾಸಗಿಯವರ ಕೈಲಿದ್ದರೂ ಆಕಾಶದ ಹತೋಟಿ ವಿಮಾನ ನಿಲ್ದಾಣ ಪ್ರಾಧಿಕಾರದ್ದೇ. ಅದೇ ಮಾರ್ಚ್‌ನಲ್ಲಿ ಪ್ರಾಧಿಕಾರದ ನೌಕರರು ಬೆಂಗಳೂರಿನ ಎಚ್‌ಎಎಲ್ ಮತ್ತು ಹೈದರಾಬಾದಿನ ಬೇಗಂಪೇಟೆಯ ಹಳೆಯ ನಿಲ್ದಾಣಗಳನ್ನು ಮುಚ್ಚಬಾರದೆಂದು ದೇಶದಾದ್ಯಂತ ಮುಷ್ಕರವನ್ನೂ ಹೂಡಿದ್ದರು. ಹೊಸ ದಿನಾಂಕ ಮೇ 11 ಎಂದಾಯಿತು. ಅದೂ ಜಾರಿತು. ಕೊನೆಗೆ ಮೇ 23ರ ನಡುರಾತ್ರಿ.

ಗೊಂದಲ ಇರುವುದು ಈ ‘ನಡುರಾತ್ರಿ’ಯಲ್ಲಿ. ಉದ್ಘಾಟನೆಯ ಕಲ್ಲೊಂದು ಸಿಕ್ಕರೆ ದಿನಾಂಕ ಅದರಲ್ಲೇ ಕೆತ್ತಿರುತ್ತದೆ, ಜಗಳ ಮುಗಿಯುತ್ತದೆ ಎಂದು ಯಾರಿಗಾದರೂ ಅನಿಸೀತು. ಆ ದಾರಿ ಮುಚ್ಚಿದ ದಾರಿ, ಎರಡು ಕಾರಣಕ್ಕೆ. ಒಂದು, ರಾಜ್ಯದಲ್ಲಿ ಆಗ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಮುಖ್ಯಮಂತ್ರಿಯೇ ಇರಲಿಲ್ಲ. 2007ರ ನವೆಂಬರ್‌ನಿಂದ ರಾಷ್ಟ್ರಪತಿ ಆಡಳಿತ. ವಿಧಾನಸಭೆ ಚುನಾವಣೆಯ ಮೂರನೆಯ ಹಂತದ ಮತದಾನ ಮೇ 22ಕ್ಕೆ, ಎಣಿಕೆ ಮೇ 25ಕ್ಕೆ. ಎರಡರ ನಡುವಿನ ಸಂದಿಯಲ್ಲಿ ನಿಲ್ದಾಣ ತೆರೆಯಿತು. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು 30ರಂದು. ಇನ್ನೊಂದು ಕಾರಣ ಮುಖ್ಯವಾದದ್ದು: ಉದ್ಘಾಟನೆಗೂ ತೆರೆಯುವುದಕ್ಕೂ ಸಂಬಂಧವಿಲ್ಲ. ಹೈದರಾಬಾದಿನ ಶಂಷಾಬಾದ್ ನಿಲ್ದಾಣವನ್ನು ಸೋನಿಯಾ ಗಾಂಧಿ 2008ರ ಮಾರ್ಚ್ 14ರಂದು ಉದ್ಘಾಟಿಸಿದರು, ವಿಮಾನಗಳು ಹಾರಾಡಿದ್ದು 23ರಿಂದ. ನಮ್ಮಲ್ಲೇ ಎರಡನೆಯ ಟರ್ಮಿನಲ್ಲನ್ನು ಪ್ರಧಾನಿ ಉದ್ಘಾಟಿಸಿದ್ದು 2022ರ ನವೆಂಬರ್ 11ರಂದು, ಪ್ರಯಾಣಿಕರು ಒಳಗೆ ಹೋದದ್ದು 2023ರ ಜನವರಿ 15ರಂದು. ದೀಪ ಬೆಳಗಿಸಿದ ಫೋಟೊವನ್ನು ನಂಬಿ ಇತಿಹಾಸ ಬರೆದವರು ಒಂದೆರಡು ತಿಂಗಳು ಮುಂದೆಯೋ ಹಿಂದೆಯೋ ಬೀಳುತ್ತಾರೆ.

ಹಾಗಾದರೆ ಮೊದಲ ವಿಮಾನವನ್ನು ಹಿಡಿಯೋಣ ಎಂದರೆ ಅಲ್ಲೂ ತೊಡಕು. ದೇವನಹಳ್ಳಿಯಲ್ಲಿ ಇಳಿದ ಮೊದಲ ಸೇವಾ ವಿಮಾನ ಮುಂಬೈನಿಂದ ಬಂದ ಏರ್ ಇಂಡಿಯಾ. ಅದು ಇಳಿದದ್ದು 23ರ ರಾತ್ರಿ, ಅಂದರೆ ನಿಲ್ದಾಣ ತೆರೆಯುವ ಮೊದಲೇ! ಅದೇ ವಿಮಾನ ನಡುರಾತ್ರಿ ಕಳೆದ ಮೇಲೆ ಸಿಂಗಪುರಕ್ಕೆ ಮುಂದುವರಿಯಬೇಕಿತ್ತು. ಎಚ್‌ಎಎಲ್‌ನಲ್ಲಿ ಇಳಿದು ದೇವನಹಳ್ಳಿಯಿಂದ ಹೊರಡುವುದು ಆಗದ ಮಾತು, ಆದ್ದರಿಂದ ಅದಕ್ಕೆ ವಿಶೇಷ ಅವಕಾಶ. ಮೊದಲ ಆಗಮನ ಒಂದು ದಿನ, ಮೊದಲ ನಿರ್ಗಮನ ಮರುದಿನ. ವರದಿಗಾರರಲ್ಲಿ ಇಳಿದದ್ದನ್ನು ನೋಡಿದವರು 23 ಎಂದು ಬರೆದರು, ಹಾರಿದ್ದನ್ನು ನೋಡಿದವರು 24 ಎಂದರು. ಇಬ್ಬರೂ ಕಂಡದ್ದನ್ನೇ ಬರೆದರು.

ಇದಕ್ಕೆ ಮೂರನೆಯ ಗಡಿಯಾರವೊಂದನ್ನೂ ಸೇರಿಸಬೇಕು. ವಿಮಾನಯಾನದ ಪ್ರಕಟಣೆಗಳು, ಪೈಲಟ್‌ಗಳಿಗೆ ಹೋಗುವ ನೋಟಾಮ್‌ಗಳು, ಭಾರತೀಯ ಕಾಲಮಾನದಲ್ಲಿ ಇರುವುದಿಲ್ಲ. ಅವು ಯುಟಿಸಿಯಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಮೇ 24ರ ಸೊನ್ನೆ ಗಂಟೆ ಆ ಕಾಗದದಲ್ಲಿ ಮೇ 23ರ 18.30. ಒಂದೇ ಕ್ಷಣಕ್ಕೆ ಎರಡು ಪ್ರಾಮಾಣಿಕ ದಿನಾಂಕ. ಒಪ್ಪಂದವನ್ನು ಓದುವುದು ಈ ನೆಲದ ಗಡಿಯಾರದಲ್ಲಿ, ವಾಣಿಜ್ಯ ಸೇವೆಗೆ ಬಾಗಿಲು ತೆರೆದ ಕ್ಷಣವೇ ಅದಕ್ಕೆ ಲೆಕ್ಕ. ಆದ್ದರಿಂದ ನಾನು ಮೇ 24ಕ್ಕೆ ಸಹಿ ಹಾಕುತ್ತೇನೆ. 2033ರ ಮೇ 24 ಎಂದಾಯಿತು.

ಒಂದು ದಿನದ ಹೆಚ್ಚುಕಡಿಮೆಗೆ ಇಷ್ಟೊಂದು ಶ್ರಮ ಯಾಕೆ ಎಂದು ಕೇಳಿದ ಗೆಳೆಯರಿದ್ದಾರೆ. ಆ ರಾತ್ರಿಯ ಇನ್ನೊಂದು ಗುರುತನ್ನು ಅವರಿಗೆ ತೋರಿಸಿದೆ. ಟಿಕೆಟ್ಟಿನ ಮೇಲೆ ಬರುವ ಬಿಎಲ್‌ಆರ್ ಎಂಬ ಮೂರಕ್ಷರ ಆ ರಾತ್ರಿ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋಯಿತು. ಪೈಲಟ್‌ಗಳು ಬಳಸುವ ನಾಲ್ಕಕ್ಷರ ಹಾಗೆ ಹೋಗಲಿಲ್ಲ. ವಿಒಬಿಜಿ ಇಂದಿಗೂ ಎಚ್‌ಎಎಲ್‌ನದೇ, ದೇವನಹಳ್ಳಿಗೆ ವಿಒಬಿಎಲ್ ಎಂಬ ಹೊಸದು ಬಂತು. ಬಿಎಲ್‌ಆರ್ ಎಂಬ ತಲೆಬರಹದ ಕೆಳಗೆ 2008ರ ಪ್ರಯಾಣಿಕರ ಅಂಕಿ ಕೂಡಿಸುವವರು ವರ್ಷದ ನಡುವೆ ಎಲ್ಲಿ ಗೆರೆ ಎಳೆಯಬೇಕೆಂದು ಗೊತ್ತಿಲ್ಲದಿದ್ದರೆ ಎರಡು ನಿಲ್ದಾಣಗಳನ್ನು ಒಂದೆಂದು ಬಗೆಯುತ್ತಾರೆ.

ಇನ್ನು ದೂರ. ಇಲ್ಲಿ ನನಗೆ ದಾಖಲೆಗಿಂತ ಹೆಚ್ಚು ನೆರವಾದದ್ದು ಹೈಸ್ಕೂಲಿನ ಗಣಿತ. 150 ಕಿ.ಮೀ. ತ್ರಿಜ್ಯದ ವೃತ್ತವೆಂದರೆ 70,000 ಚದರ ಕಿ.ಮೀ.ಗೂ ಮಿಕ್ಕ ನೆಲ, ಶ್ರೀಲಂಕಾಕ್ಕಿಂತ ದೊಡ್ಡದು. ಬಿಟಿಎಂ ಲೇಔಟಿನಿಂದ ಹಿಡಿದು ಮೂರು ರಾಜ್ಯಗಳ ಊರುಗಳು ಇದರೊಳಗೆ ಬೀಳುತ್ತವೆ. ಅದರ ಅಂಚು ನಿಜವಾಗಿ ಎಲ್ಲಿ ಹಾದುಹೋಗುತ್ತದೆ ಎಂದು ನೋಡಲು ವಿನಾಯಿತಿ ಪಡೆದ ಮೈಸೂರಿನಿಂದಲೇ ಶುರುಮಾಡಿದೆ. ವೃತ್ತದೊಳಗಿದ್ದರೆ ತಾನೆ ವಿನಾಯಿತಿ ಬೇಕಾಗುವುದು?

ಪ್ರತಿ ನಿಲ್ದಾಣಕ್ಕೂ ಪ್ರಕಟವಾದ ಅಕ್ಷಾಂಶ ರೇಖಾಂಶ ಇರುತ್ತವೆ. ದೇವನಹಳ್ಳಿಯದು 13 ಡಿಗ್ರಿ 12 ನಿಮಿಷ ಉತ್ತರ, 77 ಡಿಗ್ರಿ 42 ನಿಮಿಷ ಪೂರ್ವ. ಮೈಸೂರಿನ ಮಂಡಕಳ್ಳಿಯದು 12 ಡಿಗ್ರಿ 14 ನಿಮಿಷ, 76 ಡಿಗ್ರಿ 39 ನಿಮಿಷ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಉತ್ತರ ದಕ್ಷಿಣದ ಅಂತರ 58 ನಿಮಿಷ, ಹಾಗಾಗಿ 58 ನಾಟಿಕಲ್ ಮೈಲು. ಪೂರ್ವ ಪಶ್ಚಿಮದ ಅಂತರ 63 ನಿಮಿಷ. ರೇಖಾಂಶಗಳು ಧ್ರುವದ ಕಡೆಗೆ ಒಂದಾಗುತ್ತ ಹೋಗುವುದರಿಂದ ನಮ್ಮ ಸೀಮೆಯಲ್ಲಿ ಅದನ್ನು 0.975ರಿಂದ ಗುಣಿಸಬೇಕು. 61.4 ಬರುತ್ತದೆ. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 84.5 ನಾಟಿಕಲ್ ಮೈಲು. ಕಿಲೋಮೀಟರಿಗೆ ಇಳಿಸಿದರೆ 156 ಚಿಲ್ಲರೆ.

ನೂರೈವತ್ತಾರು! ಪೆನ್ಸಿಲ್ ಕೆಳಗಿಟ್ಟು ಮತ್ತೆ ಮೊದಲಿನಿಂದ ಮಾಡಿದೆ. ಅಷ್ಟೇ ಬಂತು. ಒಪ್ಪಂದ ಹೆಸರು ಹಿಡಿದು ವಿನಾಯಿತಿ ಕೊಟ್ಟ ನಿಲ್ದಾಣ ವೃತ್ತದ ಹೊರಗಿದೆ.

ಹಾಸನವನ್ನು ತೆಗೆದುಕೊಂಡರೆ ವಿಚಿತ್ರ ಇನ್ನೂ ಹೆಚ್ಚು. ಪಟ್ಟಣದಿಂದ ಅಳೆದರೆ 175 ಕಿ.ಮೀ. ಆಸುಪಾಸು. ಸಾಲದ್ದಕ್ಕೆ 2004ರಲ್ಲಿ ಹಾಸನದಲ್ಲಿ ನಿಲ್ದಾಣವೇ ಇರಲಿಲ್ಲ. ಅದೊಂದು ಹಳೆಯ ಬೇಡಿಕೆಯಾಗಿತ್ತು ಅಷ್ಟೆ. ಇಲ್ಲದ ನಿಲ್ದಾಣಕ್ಕೆ, ತಲುಪದ ವೃತ್ತದಿಂದ ವಿನಾಯಿತಿ.

ಮೊದಲು ನನ್ನ ಲೆಕ್ಕವನ್ನೇ ಸಂಶಯಿಸಬೇಕು. ನಿಮಿಷದ ಮಟ್ಟಕ್ಕೆ ಇಳಿಸಿದ್ದರಿಂದ ಒಂದೆರಡು ಕಿಲೋಮೀಟರ್ ಆಚೀಚೆ ಆಗಬಹುದು, ಆರು ಆಗುವುದಿಲ್ಲ. ನಡುಬಿಂದುವಿನ ಬದಲು ಬೇಲಿಯಿಂದ ಬೇಲಿಗೆ ಅಳೆದರೆ? ದೇವನಹಳ್ಳಿಯದು ಸುಮಾರು 4,000 ಎಕರೆ, ರನ್‌ವೇ 4 ಕಿ.ಮೀ. ಉದ್ದ, ಪೂರ್ವ ಪಶ್ಚಿಮವಾಗಿ ಮಲಗಿದೆ. ಮೈಸೂರಿನ ಕಡೆಯ ತುದಿಯಿಂದ ಹಿಡಿದರೆ ಎರಡು ಕಿಲೋಮೀಟರ್ ಉಳಿದೀತು. ಮಂಡಕಳ್ಳಿಯ ಕಡೆಯಿಂದ ಇನ್ನೊಂದು. ಆದರೂ ಗೆರೆಯ ಹೊರಗೇ.

ಎರಡನೆಯ ಸಾಧ್ಯತೆ: ಕರಡು ಬರೆದವರ ಮನಸ್ಸಿನಲ್ಲಿ ಕೇಂದ್ರ ಬೇರೆ ಇದ್ದಿರಬಹುದು. ಎಚ್‌ಎಎಲ್‌ನಿಂದ ಮಂಡಕಳ್ಳಿಗೆ ಅಳೆದರೆ 136 ಕಿ.ಮೀ. ಬರುತ್ತದೆ. ಬೆಂಗಳೂರು ಎಂದರೆ ಎಚ್‌ಎಎಲ್ ಎಂದೇ ಆಗ ಎಲ್ಲರ ಲೆಕ್ಕ. ಮೈಸೂರು ವೃತ್ತದೊಳಗೆ ಬಿತ್ತಲ್ಲ ಎಂದು ಖುಷಿಪಡುವಷ್ಟರಲ್ಲಿ ಹಾಸನ ಅದನ್ನು ಕೆಡಿಸುತ್ತದೆ. ಎಚ್‌ಎಎಲ್‌ನಿಂದ ಅಳೆದರೂ ಹಾಸನ ಹೊರಗೇ, ಮೆಜೆಸ್ಟಿಕ್‌ನಿಂದ ಅಳೆದರೂ ಹೊರಗೇ. ಒಂದೇ ಸಾಲಿನಲ್ಲಿರುವ ಎರಡು ಹೆಸರುಗಳಲ್ಲಿ ಒಂದನ್ನು ಮಾತ್ರ ವಿವರಿಸುವ ಊಹೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಉಳಿಯುವುದು ಮೂರನೆಯದು, ನೀರಸವಾದದ್ದು, ಬಹುಶಃ ನಿಜವಾದದ್ದು: ಯಾರೂ ಅಳೆಯಲಿಲ್ಲ. ರಾಜ್ಯಕ್ಕೆ ಈ ಎರಡು ಊರುಗಳ ಮೇಲೆ ಆಸೆಯಿತ್ತು. ಮುಂದೆ ಯಾರೂ ಈ ಕಲಮು ತೋರಿಸಿ ತಕರಾರು ತೆಗೆಯಬಾರದೆಂದು ಹೆಸರು ಹಿಡಿದು ಬರೆಸಿಟ್ಟರು. ವಕೀಲರ ಭಾಷೆಯಲ್ಲಿ ಇದು ಮುಂಜಾಗ್ರತೆ. ಈ ಊಹೆ ಎರಡು ಹೆಸರುಗಳಿಗೂ ಒಪ್ಪುತ್ತದೆ. ಮುಂಜಾಗ್ರತೆಗೆ ಅಳತೆ ಬೇಕಾಗುವುದಿಲ್ಲ.

ವಿನಾಯಿತಿ ಪಡೆದವರಿಗೆ ಅದು ಬೇಕಿರಲಿಲ್ಲ ಎಂದಾದರೆ ಬೇಕಿದ್ದವರು ಯಾರು? ಅದೇ ಪೆನ್ಸಿಲ್ ಹಿಡಿದು ದಿಕ್ಕು ತಿರುಗಿಸಿದೆ. ದಕ್ಷಿಣಕ್ಕೆ ಹೊಸೂರಿನ ಖಾಸಗಿ ಏರ್‌ಸ್ಟ್ರಿಪ್ 60 ಕಿ.ಮೀ. ಉತ್ತರಕ್ಕೆ ಆಂಧ್ರದ ಪುಟ್ಟಪರ್ತಿ 106 ಕಿ.ಮೀ. ಪೂರ್ವಕ್ಕೆ ತಮಿಳುನಾಡಿನ ವೆಲ್ಲೂರು 151 ಚಿಲ್ಲರೆ, ನನ್ನ ಲೆಕ್ಕದ ದೋಷವನ್ನೂ ಸೇರಿಸಿದರೆ ಗೆರೆಯ ಆಚೆಗೋ ಈಚೆಗೋ ಹೇಳಲು ಬಾರದಷ್ಟು ಅಂಚು. ಇಲ್ಲಿ ಕಾಗದ ಸೋತ ಕಡೆ ಸರ್ಕಾರದ ನಡವಳಿಕೆಯೇ ಸಾಕ್ಷಿ. ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಉಡಾನ್ ಯೋಜನೆಯಡಿ ವೆಲ್ಲೂರಿನ ಹಳೆಯ ನಿಲ್ದಾಣದಲ್ಲಿ ಪ್ರಾಧಿಕಾರ ಕಾಮಗಾರಿ ನಡೆಸಿತು. ಹೊಸೂರಿಗೆ ಉಡಾನ್ ಕೇಳಿದಾಗ ಬಿಐಎಎಲ್ ಒಪ್ಪಂದದ 150 ಕಿ.ಮೀ. ಕಲಮು ತೋರಿಸಿ ಸಚಿವಾಲಯ ಸಂಸತ್ತಿನಲ್ಲೇ ಆಗದು ಎಂದಿತು. ಅಂದರೆ ಗೆರೆ ಕಾಗದದ ಮೇಲೆ ಮಾತ್ರ ಇಲ್ಲ. ಅದು ಜೀವಂತವಾಗಿದೆ, ಚಿಕ್ಕ ವಿಮಾನಗಳ ಸೇವೆಯನ್ನೂ ತಡೆಯುತ್ತದೆ. ಇಷ್ಟಾದರೂ 2024ರ ಜೂನ್ 27ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿನಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಅಂತರರಾಷ್ಟ್ರೀಯ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದರು. ಮೂಲಸೌಕರ್ಯ ಸಚಿವ ಎಂ.ಬಿ. ಪಾಟೀಲರ ಮೇಜಿನ ಮೇಲೆ ಎರಡನೆಯ ನಿಲ್ದಾಣದ ಕಡತ ಚುರುಕಾದದ್ದೂ ಆ ಹೊತ್ತಿಗೇ. ಕಾಕತಾಳೀಯವೋ ಅಲ್ಲವೋ, ಓದುಗರು ತೂಗಿಕೊಳ್ಳಲಿ. ಎಲೆಕ್ಟ್ರಾನಿಕ್ಸ್ ಸಿಟಿಯವರಿಗಂತೂ ಹೊಸೂರು ದೇವನಹಳ್ಳಿಗಿಂತ ಹತ್ತಿರ.

ಮೂರನೆಯ ತುಂಡಿಗೆ ಬರುತ್ತೇನೆ. ಶ್ರೀಲಂಕಾಕ್ಕಿಂತ ದೊಡ್ಡ ವೃತ್ತವೊಂದನ್ನು ಇಪ್ಪತ್ತೈದು ವರ್ಷ ಒಬ್ಬರಿಗೇ ಬರೆದುಕೊಡುವಂಥ ಒತ್ತಡ ಏನಿತ್ತು? 2004ರ ಪತ್ರ ಇದಕ್ಕೆ ಉತ್ತರಿಸುವುದಿಲ್ಲ. ಒಪ್ಪಂದಗಳು ಕಾರಣ ಹೇಳುವುದಿಲ್ಲ, ಷರತ್ತು ಹೇಳುತ್ತವೆ. ಉತ್ತರಕ್ಕೆ ಹಿಂದಕ್ಕೆ ಹೋಗಬೇಕು.

1991ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಮಾಜಿ ಅಧ್ಯಕ್ಷ ಎಸ್. ರಾಮನಾಥನ್ ನೇತೃತ್ವದ ಸಮಿತಿ ಜಾಗ ಹುಡುಕಲು ಕೂತು ದೇವನಹಳ್ಳಿಯನ್ನು ಆರಿಸಿತು. 1995ರ ಡಿಸೆಂಬರ್‌ನಲ್ಲಿ ಟಾಟಾ, ಅಮೆರಿಕದ ರೇಥಿಯಾನ್, ಸಿಂಗಪುರದ ಚಾಂಗಿ ಒಟ್ಟಾಗಿ ರಾಜ್ಯದೊಂದಿಗೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಎರಡೂವರೆ ವರ್ಷ ಕಾದು 1998ರ ಜೂನ್‌ನಲ್ಲಿ ಕೈಬಿಟ್ಟವು. ಅನುಮತಿಗಳ ವಿಳಂಬ ಒಂದು ಕಾರಣ, ಜಾಗದ ವಿವಾದ ಇನ್ನೊಂದು. ಮೂರನೆಯದರ ಮೇಲೆ ನನ್ನ ಗಮನ ನಿಂತಿತು: ಎಚ್‌ಎಎಲ್ ನಿಲ್ದಾಣದ ಭವಿಷ್ಯ ಇತ್ಯರ್ಥವಾಗಿರಲಿಲ್ಲ.

ಊರ ನಡುವೆ ಒಂದು ನಿಲ್ದಾಣ ನಡೆಯುತ್ತಿರುವಾಗ ಊರಾಚೆ ನೂರಾರು ಕೋಟಿ ಸುರಿದು ಇನ್ನೊಂದನ್ನು ಕಟ್ಟುವವರ ಭಯವನ್ನು ಊಹಿಸುವುದು ಕಷ್ಟವಲ್ಲ. ಜಯನಗರದಿಂದ ಎಚ್‌ಎಎಲ್‌ಗೆ ಹದಿನೈದು ಕಿಲೋಮೀಟರ್ ಕೂಡ ಇಲ್ಲ. ಎರಡೂ ತೆರೆದಿದ್ದರೆ ದೇವನಹಳ್ಳಿಗೆ ಯಾರು ಹೋದಾರು? 1999ರಲ್ಲಿ ಹೊಸ ಚೌಕಟ್ಟು ಸಿದ್ಧವಾಯಿತು: ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರದ ಕೆಎಸ್‌ಐಐಡಿಸಿ ಸೇರಿ ಶೇಕಡಾ 26 ಪಾಲು, ಖಾಸಗಿಯವರಿಗೆ 74. 2001ರ ಜನವರಿಯಲ್ಲಿ ಬಿಐಎಎಲ್ ಹುಟ್ಟಿತು. ಸೀಮೆನ್ಸ್ 40, ಎಲ್ ಅಂಡ್ ಟಿ 17, ಯೂನಿಕ್ ಜ್ಯೂರಿಕ್ 17 ಎಂದು ಪಾಲು ಹಂಚಿಕೆಯಾಯಿತು. ಎರಡನೆಯ ಸಲ ಬಂದವರು ಮೊದಲನೆಯವರು ಯಾಕೆ ಎದ್ದುಹೋದರೆಂದು ತಿಳಿದೇ ಬಂದರು. ಹೊಸದು ತೆರೆದ ದಿನವೇ ಎಚ್‌ಎಎಲ್ ನಾಗರಿಕ ಸೇವೆಗೆ ಮುಚ್ಚಬೇಕೆಂದು ಬರೆಸಿಕೊಂಡರು. ಅದರ ಪಕ್ಕದಲ್ಲೇ 150 ಕಿ.ಮೀ. ಕಲಮೂ ಕೂತಿತು.

ಇದರಿಂದ ನಾನು ತೀರ್ಮಾನಿಸುವುದು: ಆ ವೃತ್ತದ ಗುರಿ ದೂರದ ಯಾವ ಊರೂ ಆಗಿರಲಿಲ್ಲ. ಗುರಿ ಎಚ್‌ಎಎಲ್ ಮತ್ತು ಅದನ್ನು ಹೋಲುವ ಇನ್ನಾವುದೋ ಹತ್ತಿರದ ನಿಲ್ದಾಣ. 150 ಎಂಬುದು ಅಳೆದು ತಂದ ಅಂಕಿಯಲ್ಲ, ಹೈದರಾಬಾದಿನ ಒಪ್ಪಂದದಲ್ಲೂ ಇರುವ ಅಚ್ಚಿನ ಅಂಕಿ. ಇದಕ್ಕೆ ವಿರುದ್ಧ ವಾದವೂ ಇದೆ. ಎಚ್‌ಎಎಲ್ ಮುಚ್ಚುವ ಕಲಮು ಪ್ರತ್ಯೇಕವಾಗಿ ಇದ್ದಾಗ ವೃತ್ತ ಬೇರೆ ಯಾಕೆ ಬೇಕಿತ್ತು? ನನ್ನ ಉತ್ತರ: ಮುಚ್ಚಿದ್ದನ್ನು ಮತ್ತೆ ತೆರೆಯುವ ಒತ್ತಡ ಬಂದೇ ಬರುತ್ತದೆಂದು ಸಾಲ ಕೊಡುವವರಿಗೆ ಗೊತ್ತಿತ್ತು. ಬಂತು ಕೂಡ. ಮುಚ್ಚುವ ಮೊದಲೇ ಬಂತು. 2008ರ ಮೇ 23ರಂದೇ, ಏರ್ ಇಂಡಿಯಾ ಇಳಿಯಲು ಇನ್ನು ಕೆಲವೇ ತಾಸು ಇರುವಾಗ, ಎಚ್‌ಎಎಲ್ ಉಳಿಸುವ ವಿಷಯ ಹೈಕೋರ್ಟಿನಲ್ಲಿ ವಿಚಾರಣೆಯಲ್ಲಿತ್ತು. ಹಳೆಯ ನಿಲ್ದಾಣದ ಪರ ಇದ್ದವರ ವಾದ ಪೊಳ್ಳಾಗಿರಲಿಲ್ಲ. ಮೊದಲು 45 ಲಕ್ಷ ಪ್ರಯಾಣಿಕರಿಗೆಂದು ಎಣಿಸಿ ಆಮೇಲೆ ಸುಮಾರು 1.1 ಕೋಟಿಗೆ ಹಿಗ್ಗಿಸಿದ ಹೊಸ ನಿಲ್ದಾಣ ತೆರೆಯುವ ದಿನವೇ ಭರ್ತಿ ಎಂದು ಅವರು ಹೇಳುತ್ತಿದ್ದರು. ಎಚ್‌ಎಎಲ್‌ನಲ್ಲಿ ಅದರ ಹಿಂದಿನ ವರ್ಷ ಓಡಾಡಿದವರೇ ಸುಮಾರು ಒಂದು ಕೋಟಿ. 2024-25ರಲ್ಲಿ ದೇವನಹಳ್ಳಿಯಲ್ಲಿ ಓಡಾಡಿದವರು 4.18 ಕೋಟಿ. ಎದುರಾಳಿ ಬಂದರೆ ಬದುಕುವುದಿಲ್ಲ ಎಂದು ಬರೆಸಿಕೊಂಡ ರಕ್ಷಣೆ ಇಂಥ ಅಂಕಿಯ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ.

ಈ ರಕ್ಷಣೆ ಹೆಚ್ಚಾಯಿತೆಂದು ಕೇಂದ್ರ ಸರ್ಕಾರಕ್ಕೂ ಬೇಗನೆ ಕಂಡಿರಬೇಕು ಎನ್ನಲು ಒಂದು ಕುರುಹಿದೆ. 2006ರಲ್ಲಿ ದೆಹಲಿ, ಮುಂಬೈ ನಿಲ್ದಾಣಗಳನ್ನು ಖಾಸಗಿಯವರಿಗೆ ಕೊಟ್ಟಾಗ ಅದೇ 150 ಕಿ.ಮೀ. ಮತ್ತೆ ಬಂತು, ಆದರೆ ಹಲ್ಲು ಕಿತ್ತು. ಅಲ್ಲಿ ಎರಡನೆಯ ನಿಲ್ದಾಣಕ್ಕೆ ನಿಷೇಧವಿಲ್ಲ. ಅದರ ಹರಾಜಿನಲ್ಲಿ ಹಳೆಯ ನಿಲ್ದಾಣದವರ ಬಿಡ್ ಅತ್ಯುತ್ತಮ ಬಿಡ್‌ನ ಶೇಕಡಾ 10ರ ಒಳಗಿದ್ದರೆ ಅದನ್ನು ಸರಿಗಟ್ಟುವ ಮೊದಲ ಹಕ್ಕು ಇದೆ, ಅಷ್ಟೆ. ಆ ಸಡಿಲಿಕೆಯಿಂದಲೇ ನವಿ ಮುಂಬೈ ಸಾಧ್ಯವಾಯಿತು, 2025ರ ಅಕ್ಟೋಬರ್ 8ರಂದು ಉದ್ಘಾಟನೆಯೂ ಆಯಿತು. ದೆಹಲಿಯ ಪಕ್ಕದ ಜೇವರ್ ನಿಲ್ದಾಣದ ಬಿಡ್ಡನ್ನು 2019ರಲ್ಲಿ ಗೆದ್ದವರು ಜ್ಯೂರಿಕ್ ಏರ್‌ಪೋರ್ಟ್‌ನವರು. ದೇವನಹಳ್ಳಿಯಲ್ಲಿ ಒಂಟಿ ನಿಲ್ದಾಣದ ರಕ್ಷಣೆ ಬರೆಸಿಕೊಂಡವರ ಪೈಕಿ ಒಬ್ಬರು, ಇಲ್ಲಿನ ಪಾಲು ಮಾರಿ ಹೊರಬಂದು, ಅಲ್ಲಿ ಎರಡನೆಯ ನಿಲ್ದಾಣ ಕಟ್ಟಲು ಹೋದರು. ಇದರಲ್ಲಿ ತಪ್ಪೇನೂ ಇಲ್ಲ. ವ್ಯಾಪಾರಕ್ಕೆ ಊರು ಬದಲಾದಂತೆ ಸಿದ್ಧಾಂತ ಬದಲಾಗುತ್ತದೆ.

ದಕ್ಷಿಣ ಬೆಂಗಳೂರಿನ ವಾಕ್ಯಕ್ಕೆ ಇನ್ನೂ ಒಂದು ತಿದ್ದುಪಡಿ ಬೇಕು. 2033ರ ಮೇ 24 ದಾಟಿದರೆ ಗೆರೆ ಅಳಿಸಿಹೋಗುತ್ತದೆ ಎಂದು ಎಲ್ಲರೂ ಭಾವಿಸಿದ್ದಾರೆ. ಅಳಿಯುವುದು ಒಪ್ಪಂದದ ಗೆರೆ ಮಾತ್ರ. 2008ರಲ್ಲೇ ಕೇಂದ್ರ ತಂದ ಗ್ರೀನ್‌ಫೀಲ್ಡ್ ನೀತಿಯಲ್ಲಿ ಇನ್ನೊಂದು 150 ಕಿ.ಮೀ. ಇದೆ. ಯಾವುದೇ ನಾಗರಿಕ ನಿಲ್ದಾಣದ ಅಷ್ಟು ದೂರದೊಳಗೆ ಹೊಸದಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ, ಕೊಡಬೇಕಾದರೆ ಹಳೆಯದರ ಮೇಲಿನ ಪರಿಣಾಮ ಪರಿಶೀಲಿಸಿ ಪ್ರಕರಣವಾರು ತೀರ್ಮಾನಿಸಬೇಕು. ಅದಕ್ಕೆ ವರ್ಷದ ಮಿತಿ ಇಲ್ಲ. ಒಂದು ವ್ಯತ್ಯಾಸವಿದೆ: ಒಪ್ಪಂದ ಮುರಿದರೆ ಪರಿಹಾರ ತೆರಬೇಕು, ನೀತಿಯನ್ನು ಸರ್ಕಾರ ತಾನೇ ಸಡಿಲಿಸಬಹುದು. ಪತ್ರಿಕಾ ವರದಿಗಳಲ್ಲಿ ಈ ಎರಡು ಗೆರೆಗಳು ಒಂದರೊಳಗೊಂದು ಬೆರೆತುಹೋಗಿವೆ, ತ್ರಿಜ್ಯ ಒಂದೇ ಆದ್ದರಿಂದ.

ರಾಜ್ಯ ಸರ್ಕಾರದ ವಾದ ಗಟ್ಟಿಯಾಗಿಯೇ ಇದೆ. ನಿಲ್ದಾಣ ಕಟ್ಟಲು ಹೇಗೂ ವರ್ಷಗಳು ಹಿಡಿಯುತ್ತವೆ, ಈಗ ಶುರುಮಾಡಿದರೆ ತೆರೆಯುವ ಹೊತ್ತಿಗೆ ನಿಷೇಧ ಮುಗಿದಿರುತ್ತದೆ. ದೇವನಹಳ್ಳಿಯದೇ ಲೆಕ್ಕ ಹಿಡಿದರೆ ಜಾಗ ಆರಿಸಿದ್ದು 1991, ತೆರೆದದ್ದು 2008, ಹದಿನೇಳು ವರ್ಷ. ಕಾಮಗಾರಿ ನಡೆದದ್ದು 2005ರ ಜುಲೈನಿಂದ ಮೂರು ವರ್ಷವೂ ಇಲ್ಲ, ಉಳಿದದ್ದೆಲ್ಲ ಕಾಗದದ ಓಡಾಟ. ಆ ವೇಗದಲ್ಲೇ ಹೋದರೆ ಸೋಮನಹಳ್ಳಿಗೆ 2042. ಆದರೆ ಕಲಮನ್ನು ಇನ್ನೊಮ್ಮೆ ನಿಧಾನವಾಗಿ ಓದಿದರೆ, 25 ವರ್ಷದ ಒಳಗೆ ತೆರೆಯಬಾರದು ಎಂದು ಅದು ಹೇಳುವುದಿಲ್ಲ. ಅಭಿವೃದ್ಧಿಪಡಿಸಲು ಅನುಮತಿ ಕೊಡಬಾರದು ಎನ್ನುತ್ತದೆ. ಜಾಗಕ್ಕೆ ಕೊಡುವ ಒಪ್ಪಿಗೆ ‘ಅನುಮತಿ’ಯೇ? ಭೂಸ್ವಾಧೀನ ‘ಅಭಿವೃದ್ಧಿ’ಯೇ? ಅಡಿಪಾಯ ಅಗೆಯಬಹುದೇ? ಬಿಐಎಎಲ್ ಒಪ್ಪಿದರೆ ಇವಾವೂ ಪ್ರಶ್ನೆಗಳಲ್ಲ, ಒಪ್ಪದಿದ್ದರೆ ಒಂದೊಂದೂ ಒಂದು ಮೊಕದ್ದಮೆ. ಆ ಒಪ್ಪಿಗೆ ಕೇಳಬೇಕಾದ ಕಂಪನಿಯಲ್ಲಿ ಕರ್ನಾಟಕ ಸರ್ಕಾರದ ಕೆಎಸ್‌ಐಐಡಿಸಿಗೆ ಇಂದಿಗೂ ಶೇಕಡಾ 13 ಪಾಲಿದೆ. ಸೋಮನಹಳ್ಳಿ ಯೋಗ್ಯವೇ ಅಲ್ಲವೇ ಎಂದು ನೋಡಲು ಬಂದ ಪ್ರಾಧಿಕಾರಕ್ಕೂ ಅಷ್ಟೇ, 13.